ತಾಜ್‌ಗಂಜ್‌ನವರ ಶುಕ್ರವಾರ

ಶುಕ್ರವಾರ ತಾಜ್ ಮಹಲ್‌ಗೆ ರಜೆ. ಟಿಕೆಟ್ ಕೌಂಟರ್ ತೆರೆಯುವುದಿಲ್ಲ. ರಜೆಯ ದಿನವೆಂದು ತಿಳಿಯದೆ ಬಂದವರನ್ನು ಗೈಡುಗಳು ಆಗ್ರಾ ಕೋಟೆಗೋ ಫತೇಪುರ್ ಸಿಕ್ರಿಗೋ ಕರೆದೊಯ್ಯುತ್ತಾರೆ. ಸಾವಿರ ರೂಪಾಯಿ ಕೊಡುತ್ತೇನೆಂದರೂ ಆ ದಿನ ಪ್ರವಾಸಿಗೆ ಪ್ರವೇಶವಿಲ್ಲ. ಆದರೆ ಮಧ್ಯಾಹ್ನ 12 ಗಂಟೆಯಿಂದ 2ರವರೆಗೆ ಒಂದು ಸಾಲು ಒಳಗೆ ಹೋಗುತ್ತದೆ. ಅವರ ಬಳಿ ಯಾರೂ ಟಿಕೆಟ್ ಕೇಳುವುದಿಲ್ಲ, ಗುರುತಿನ ಚೀಟಿ ಕೇಳುತ್ತಾರೆ; ಅದರಲ್ಲೂ ವಿಳಾಸದ ಸಾಲನ್ನು ನೋಡುತ್ತಾರೆ. ಆಗ್ರಾದ ನಿವಾಸಿಯಾಗಿರಬೇಕು, ಗೋರಿಯ ಪಶ್ಚಿಮಕ್ಕಿರುವ ಮಸೀದಿಯಲ್ಲಿ ಜುಮ್ಮಾ ನಮಾಜಿಗೆ ಬಂದಿರಬೇಕು. ಅಷ್ಟಿದ್ದರೆ ಸಾಕು.

ವಾರದ ಉಳಿದ ಆರು ದಿನ ಇದೇ ವಿಳಾಸಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಟಿಕೆಟ್ ದರಪಟ್ಟಿಗೆ ಗೊತ್ತಿರುವುದು ಭಾರತೀಯರು, ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶಗಳವರು, ಉಳಿದ ವಿದೇಶಿಯರು ಮತ್ತು 15 ವರ್ಷದೊಳಗಿನ ಮಕ್ಕಳು. ತಾಜ್‌ನ ದಕ್ಷಿಣ ದ್ವಾರದೆದುರೇ ಹುಟ್ಟಿ ಬೆಳೆದವನೂ ಬೀದರ್‌ನಿಂದ ರೈಲು ಹತ್ತಿ ಬಂದವನೂ ಕೊಡಬೇಕಾದದ್ದು ಅದೇ 50 ರೂಪಾಯಿ. ಹಾಗಾದರೆ ಶುಕ್ರವಾರದ ಎರಡು ಗಂಟೆಗಳಿಗೆ ಮಾತ್ರ ಈ ‘ಸ್ಥಳೀಯ’ ಎಲ್ಲಿಂದ ಬಂದ? ನಿಯಮ ಬಂದದ್ದು 2018ರಲ್ಲಿ. ಅದನ್ನು ಅರ್ಥಮಾಡಿಕೊಳ್ಳಬೇಕಾದರೆ ಮಾತ್ರ ಗೋರಿ ಇನ್ನೂ ಅಡಿಪಾಯದಲ್ಲಿದ್ದ ಕಾಲಕ್ಕೆ ಹೋಗಬೇಕಾಗುತ್ತದೆ.

ಮುಮ್ತಾಜ್ ಬುರ್ಹಾನ್‌ಪುರದಲ್ಲಿ ತೀರಿಕೊಂಡದ್ದು 1631ರಲ್ಲಿ. ಮರುವರ್ಷ ಯಮುನೆಯ ದಂಡೆಯಲ್ಲಿ ಕೆಲಸ ಶುರುವಾಯಿತು. ಆ ಜಾಗದಲ್ಲಿ ಆಮೇರಿನ ರಾಜಾ ಜೈಸಿಂಗ್‌ನ ಹವೇಲಿ ಇತ್ತು. ಬದಲಿಗೆ ಅವನಿಗೆ ಆಗ್ರಾದಲ್ಲೇ ನಾಲ್ಕು ಹವೇಲಿಗಳನ್ನು ಕೊಟ್ಟ ಫರ್ಮಾನು ಉಳಿದುಬಂದಿದೆ. ಆಗ ಆಗ್ರಾದಲ್ಲಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷ್ ವರ್ತಕ ತನ್ನ ದಿನಚರಿಯಲ್ಲಿ ಕಟ್ಟಡಕ್ಕಿಂತ ಅದರ ಸುತ್ತಲಿನ ಗಡಿಬಿಡಿಯ ಬಗ್ಗೆ ಹೆಚ್ಚು ಬರೆದಿದ್ದಾನೆ. ನೋಟಕ್ಕೆ ಅಡ್ಡಬರುವ ದಿಬ್ಬಗಳನ್ನು ಸಮತಟ್ಟು ಮಾಡುತ್ತಿದ್ದಾರೆ, ಬೀದಿ ಮತ್ತು ಅಂಗಡಿಗಳಿಗೆ ಜಾಗ ಗೊತ್ತುಮಾಡಿದ್ದಾರೆ, ವರ್ತಕರೂ ಕುಶಲಕರ್ಮಿಗಳೂ ಅಲ್ಲಿ ಬಂದು ನೆಲೆಸಬೇಕೆಂದು ಬಾದಶಹ ಅಪ್ಪಣೆ ಮಾಡಿದ್ದಾನೆ, ಜನ ಬರತೊಡಗಿದ್ದಾರೆ, ಊರಿಗೆ ಆಕೆಯ ಹೆಸರನ್ನೇ ಇಟ್ಟಿದ್ದಾರೆ ಎನ್ನುತ್ತಾನೆ ಮಂಡಿ. ತಾಜ್‌ಗಂಜ್ ಎಂಬ ಹೆಸರು ಅವನ ಕಿವಿಗೆ ಬಿದ್ದಾಗ ಬಿಳಿ ಗುಮ್ಮಟ ಇನ್ನೂ ಮೇಲೆದ್ದಿರಲಿಲ್ಲ.

ಅಂದರೆ ಆ ಊರು ಗೋರಿಯ ಪಕ್ಕ ತಾನಾಗಿ ಬೆಳೆದದ್ದಲ್ಲ, ಗೋರಿಯ ನಕಾಶೆಯಲ್ಲೇ ಇತ್ತು. ಶಹಜಹಾನನ ಆಸ್ಥಾನ ಇತಿಹಾಸಕಾರ ಅಬ್ದುಲ್ ಹಮೀದ್ ಲಾಹೋರಿ ಇಡೀ ಸಂಕೀರ್ಣವನ್ನು ವರ್ಣಿಸುವಾಗ ನದೀತೀರದ ಜಗತಿ, ನಾಲ್ಕು ಭಾಗದ ಉದ್ಯಾನ, ಮುಂಭಾಗದ ಅಂಗಳ ಇವುಗಳ ಸಾಲಿನಲ್ಲೇ ದಕ್ಷಿಣದ ಪೇಟೆಯನ್ನೂ ಅದರ ಛತ್ರಗಳನ್ನೂ ಸೇರಿಸುತ್ತಾನೆ. ಒಂದನ್ನೊಂದು ಕತ್ತರಿಸುವ ಎರಡು ಬೀದಿ, ನಡುವೆ ಚೌಕ, ನಾಲ್ಕು ಮೂಲೆಗೆ ನಾಲ್ಕು ಸರಾಯಿಗಳು. ಉದ್ಯಾನವನ್ನು ನಾಲ್ಕಾಗಿ ಸೀಳಿದ ಜ್ಯಾಮಿತಿಯೇ ಪೇಟೆಯಲ್ಲೂ ಇದೆ. ತಾಜ್ ಕುರಿತ ವಿಸ್ತಾರವಾದ ಅಧ್ಯಯನ ಮಾಡಿದ ಇತಿಹಾಸಕಾರ್ತಿ ಎಬ್ಬಾ ಕೊಖ್ ಮತ್ತೆ ಮತ್ತೆ ಒತ್ತಿ ಹೇಳಿದ್ದೂ ಇದನ್ನೇ: ಪೇಟೆಯನ್ನು ಬಿಟ್ಟು ನೋಡಿದರೆ ತಾಜ್ ಅರ್ಧ ನೋಡಿದಂತೆ. ಆ ಸರಾಯಿಗಳ ಜಾಗದಲ್ಲಿ ಇಂದು ಕಟ್ರಾಗಳಿವೆ: ಕಟ್ರಾ ಉಮರ್ ಖಾನ್, ಕಟ್ರಾ ಫುಲೇಲ್, ಕಟ್ರಾ ರೇಶಮ್, ಕಟ್ರಾ ಜೋಗಿದಾಸ್. ಒಂದರ ಹೆಸರಿನಲ್ಲಿ ಸುಗಂಧತೈಲ, ಇನ್ನೊಂದರಲ್ಲಿ ರೇಷ್ಮೆ. ಯಾವ ಸರಕು ಎಲ್ಲಿ ಇಳಿಯುತ್ತಿತ್ತೆಂದು ಊಹಿಸಲು ಇಷ್ಟು ಸಾಕು.

ಲಾಹೋರಿಯ ಲೆಕ್ಕದಲ್ಲಿ ಇನ್ನೊಂದು ಸಂಗತಿಯಿದೆ. ಗೋರಿಯ ನಿರ್ವಹಣೆಗೆಂದು ಆಗ್ರಾ ಸುತ್ತಲಿನ 30 ಹಳ್ಳಿಗಳ ಕಂದಾಯವನ್ನು ದತ್ತಿ ಬಿಡಲಾಯಿತು, ಅದು ವರ್ಷಕ್ಕೆ ಒಂದು ಲಕ್ಷ ರೂಪಾಯಿ. ಪೇಟೆಯ ಅಂಗಡಿ ಮತ್ತು ಸರಾಯಿಗಳ ಬಾಡಿಗೆ ಎರಡು ಲಕ್ಷ. ಗೋರಿಯ ದುರಸ್ತಿ, ಕುರಾನ್ ಪಠಿಸುವವರ ಮತ್ತು ಕಾವಲಿನವರ ಸಂಬಳ, ಬಡವರ ಅನ್ನ ಎಲ್ಲವೂ ಈ ಮೂರು ಲಕ್ಷದಿಂದ. ಮೂರರಲ್ಲಿ ಎರಡು ಪಾಲು ತಾಜ್‌ಗಂಜ್‌ನ ಅಂಗಡಿಯವರು ತೆತ್ತದ್ದು. ಟಿಕೆಟ್ ಇಲ್ಲದ ಕಾಲದಲ್ಲಿ ತಾಜ್ ಮಹಲನ್ನು ಸಾಕಿದ್ದು ಈ ಪೇಟೆ. ಇಂದು ಅದೇ ಪೇಟೆಯನ್ನು ಸ್ಮಾರಕಕ್ಕೆ ತೊಂದರೆ ಕೊಡುವ ‘ಸುತ್ತಲಿನ ಪ್ರದೇಶ’ವೆಂದು ಕಡತಗಳಲ್ಲಿ ಕರೆಯುತ್ತಾರೆ. ಎಲ್ಲ ಎಡವಟ್ಟಿಗೂ ಮೂಲ ಇಲ್ಲಿದೆ ಎಂಬುದು ನನ್ನ ಅನಿಸಿಕೆ.

ಪ್ರವೇಶದ ಕಟ್ಟಳೆಗಳು ಆಗಲೂ ಇದ್ದವು. ಫ್ರಾನ್ಸಿನ ವೈದ್ಯ ಫ್ರಾನ್ಸ್ವಾ ಬರ್ನಿಯೆ ಉದ್ಯಾನದಲ್ಲಿ ಓಡಾಡಿದ, ಕಟ್ಟಡವನ್ನು ಮನಸಾರೆ ಹೊಗಳಿದ, ಆದರೆ ಗೋರಿಯ ಒಳಕೋಣೆಗೆ ಅವನನ್ನು ಬಿಡಲಿಲ್ಲ. ಅದು ವರ್ಷಕ್ಕೊಮ್ಮೆ ಮಾತ್ರ ವಿಧಿಪೂರ್ವಕವಾಗಿ ತೆರೆಯುತ್ತದೆ, ಕ್ರೈಸ್ತರಿಗೆ ಪ್ರವೇಶವಿಲ್ಲ ಎಂದು ಬರೆದಿದ್ದಾನೆ. ಅವನದೇ ನಾಡಿನ ರತ್ನವ್ಯಾಪಾರಿ ತಾವೆರ್ನಿಯೆಗೆ ಕಂಡದ್ದು ಬೇರೆ: ಪರದೇಶದ ವರ್ತಕರೆಲ್ಲ ಬಂದಿಳಿಯುವ ದೊಡ್ಡ ಪೇಟೆಯ ಬಳಿಯೇ ಬಾದಶಹ ಗೋರಿ ಕಟ್ಟಿಸಿದ್ದು ಲೋಕವೆಲ್ಲ ನೋಡಿ ಬೆರಗಾಗಲಿ ಎಂದೇ ಎನ್ನುತ್ತಾನೆ. ಲೋಕ ನೋಡಲಿ, ಆದರೆ ಅಂಗಳದಿಂದ ನೋಡಲಿ. ನೋಡುವವರಿಗೂ ಪ್ರಾರ್ಥಿಸುವವರಿಗೂ ನಡುವಿನ ಗೆರೆ 17ನೇ ಶತಮಾನದಲ್ಲೇ ಬಿದ್ದಿತ್ತು.

ಮೊಘಲರ ಕೈ ಸೋತಮೇಲೆ ದತ್ತಿಯೂ ಹೋಯಿತು. 18ನೇ ಶತಮಾನದಲ್ಲಿ ಭರತಪುರದ ಜಾಟರು ಆಗ್ರಾ ಹಿಡಿದಾಗ ಬೆಳ್ಳಿಯ ಕದಗಳು ಮಾಯವಾದವು. 1803ರಲ್ಲಿ ಬ್ರಿಟಿಷರು ಬಂದರು. ಮುಂದಿನ ದಶಕಗಳಲ್ಲಿ ದೊರೆಗಳಿಗೆ ತಾಜ್ ಆವರಣ ವನಭೋಜನದ ತಾಣವಾಯಿತು, ಜಗತಿಯ ಮೇಲೆ ಬ್ಯಾಂಡ್ ನುಡಿಸಿ ಕುಣಿದದ್ದೂ ಉಂಟು. ಗೋಡೆಯ ರತ್ನಗಳನ್ನು ಉಳಿಯಲ್ಲಿ ಕೆತ್ತಿ ಜೇಬಿಗಿಳಿಸಿದ ಅತಿಥಿಗಳಿಗೇನೂ ಬರವಿರಲಿಲ್ಲ.

ಇದಕ್ಕೆ ಕೊನೆ ಹಾಡಿದ್ದು ಲಾರ್ಡ್ ಕರ್ಜನ್. ಬಂಗಾಳವನ್ನು ಒಡೆದ ಕರ್ಜನ್ ತಾಜ್ ಮಹಲಿನ ಪಾಲಿಗೆ ಒಳ್ಳೆಯವನು. ಇದನ್ನು ಒಪ್ಪಿಕೊಳ್ಳಲು ಕಷ್ಟವಾದರೂ ಒಪ್ಪಬೇಕು. ಉದ್ಯಾನ, ಕಾರಂಜಿ, ಮುಂಭಾಗದ ಅಂಗಳದ ಕಮಾನುಗಳನ್ನು ದುರಸ್ತಿ ಮಾಡಿಸಿದ, 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ತಂದ. ಗೋರಿಯ ಮೇಲೆ ತೂಗುವ ಕೈರೋ ಮಾದರಿಯ ಹಿತ್ತಾಳೆ ದೀಪ ಅವನ ಕಾಣಿಕೆ. ಆದರೆ ತನ್ನ ಕೆಲಸವನ್ನು ವರ್ಣಿಸುತ್ತ ಅವನು ಹೆಮ್ಮೆಯಿಂದ ಹೇಳಿಕೊಂಡ ಮಾತೊಂದಿದೆ: ತಾಜ್‌ಗೆ ಹೋಗಲು ಈಗ ಧೂಳಿನ ಬಯಲು, ಕೊಳಕು ಪೇಟೆ ದಾಟಬೇಕಿಲ್ಲ, ಅಲ್ಲೀಗ ಚೆಂದದ ಉದ್ಯಾನವಿದೆ. ಶಹಜಹಾನ್ ಅಪ್ಪಣೆ ಕೊಟ್ಟು ಕರೆಸಿ ನೆಲೆಗೊಳಿಸಿದ ಪೇಟೆಯ ಸುತ್ತಮುತ್ತಲನ್ನು ವೈಸ್‌ರಾಯ್ ಕಂಡದ್ದು ಹೀಗೆ. ಸ್ಮಾರಕವೆಂದರೆ ಹುಲ್ಲುಹಾಸಿನ ನಡುವೆ ಒಂಟಿಯಾಗಿ ನಿಂತ ಕಟ್ಟಡ, ಜನ ದೂರದಲ್ಲಿರಬೇಕು ಎಂಬ ಕಲ್ಪನೆ ನಮಗೆ ಬಂದದ್ದು ಆ ಕಾಲದಿಂದ. ದೇಶ ಸ್ವತಂತ್ರವಾದಮೇಲೂ ಪುರಾತತ್ವ ಇಲಾಖೆ ಆ ಕಲ್ಪನೆಯನ್ನು ಹುಲ್ಲುಹಾಸಿನ ಸಮೇತ ಉಳಿಸಿಕೊಂಡಿದೆ. ನಮ್ಮ ಬಾದಾಮಿ, ವಿಜಯಪುರಗಳಲ್ಲಿ ನೋಡಿ, ಬೇಲಿಯೊಳಗೆ ಅದೇ ಹಸಿರು.

1958ರ ಸ್ಮಾರಕ ಕಾಯ್ದೆಯ 18ನೇ ಕಲಂ ಉದಾರವಾಗಿಯೇ ಇದೆ. ನಿಯಮಗಳಿಗೆ ಒಳಪಟ್ಟು, ಯಾವುದೇ ರಕ್ಷಿತ ಸ್ಮಾರಕಕ್ಕೆ ಪ್ರವೇಶಿಸುವ ಹಕ್ಕು ಸಾರ್ವಜನಿಕರಿಗಿದೆ ಎನ್ನುತ್ತದೆ. ಕಥೆಯೆಲ್ಲ ಇರುವುದು ‘ನಿಯಮಗಳಿಗೆ ಒಳಪಟ್ಟು’ ಎಂಬಲ್ಲಿ. ನಿಯಮಗಳು ಬಂದದ್ದು 1959ರಲ್ಲಿ, ದರಗಳು ಅದರ ಅನುಸೂಚಿಯಲ್ಲಿ. ಅನುಸೂಚಿ ಬದಲಿಸಲು ಸಂಸತ್ತು ಬೇಕಿಲ್ಲ, ಗೆಜೆಟ್ ಅಧಿಸೂಚನೆ ಸಾಕು.

ಬಹುಕಾಲ ಈ ನಿಯಮಗಳಲ್ಲಿ ಊರವರಿಗೊಂದು ಸಂದು ಇತ್ತು. 1990ರ ದಶಕದಲ್ಲಿ ತಾಜ್ ನೋಡಿದವರಿಗೆ ನೆನಪಿರಬಹುದು: ಬೆಳಗಿನ ಮತ್ತು ಸಂಜೆಯ ಸೊಗಸಾದ ಹೊತ್ತಿಗೆ ನೂರರ ಮೇಲೆ, ಸುಡುವ ಹಗಲಿಗೆ 15 ರೂಪಾಯಿ, ಶುಕ್ರವಾರ ಎಲ್ಲರಿಗೂ ಉಚಿತ. ಶುಕ್ರವಾರ ನೂಕುನುಗ್ಗಲು ಇರುತ್ತಿತ್ತು. ಆಗ್ರಾದ ಬಡವರು, ಸುತ್ತಲ ಹಳ್ಳಿಯವರು ಮನೆಮಂದಿಯೊಂದಿಗೆ ಬಂದು ತಾಜ್ ನೋಡುವ ದಿನ ಅದು. ಅಲ್ಲಿ ಯಾರೂ ಯಾರ ವಿಳಾಸವನ್ನೂ ಕೇಳುತ್ತಿರಲಿಲ್ಲ.

2000ದ ಅಕ್ಟೋಬರ್‌ನಲ್ಲಿ ಇಲಾಖೆ ವಿದೇಶಿಯರಿಗೆ ಡಾಲರಿನಲ್ಲಿ ದರ ಕಟ್ಟಿತು. ವಿಶ್ವ ಪರಂಪರೆಯ ತಾಣಗಳಿಗೆ 10 ಡಾಲರ್, ಉಳಿದವಕ್ಕೆ 5. ಹುಯಿಲೆದ್ದಮೇಲೆ ಅರ್ಧಕ್ಕಿಳಿಸಿ, ಬಳಿಕ ಮೆಲ್ಲನೆ ಏರಿಸುತ್ತ ಬಂದಿತು. ತಾಜ್‌ನಲ್ಲಿ ಇದರ ಮೇಲೆ ಇನ್ನೊಂದು ಕೈ ಚಾಚಿತ್ತು, ಆಗ್ರಾ ಅಭಿವೃದ್ಧಿ ಪ್ರಾಧಿಕಾರದ ‘ಪಥಕರ’. ಇವತ್ತಿನ 1100 ರೂಪಾಯಿಯ ವಿದೇಶಿ ಟಿಕೆಟ್ಟಿನಲ್ಲಿ 600 ಪುರಾತತ್ವ ಇಲಾಖೆಗೆ, 500 ಪ್ರಾಧಿಕಾರಕ್ಕೆ. ನಮ್ಮ 50ರಲ್ಲಿ 40 ಮತ್ತು 10. ಸಾರ್ಕ್ ದೇಶದವರು ಇಲಾಖೆಯ ಲೆಕ್ಕದಲ್ಲಿ ಭಾರತೀಯರಂತೆ 40 ಕೊಟ್ಟರೂ ಪ್ರಾಧಿಕಾರದ ಲೆಕ್ಕದಲ್ಲಿ ವಿದೇಶಿಯರೇ, ಹಾಗಾಗಿ ಅವರಿಗೆ 540. ನೇಪಾಳದವನೊಬ್ಬ ಒಂದೇ ಬಾಗಿಲಲ್ಲಿ ನೆಂಟನೂ ಪರದೇಶಿಯೂ ಆಗುವ ಜಾಣ್ಮೆಯ ಲೆಕ್ಕ ಇದು.

ಈ ದರಯುಗ ಶುರುವಾದ ಹೊತ್ತಿಗೇ ಉಚಿತ ಶುಕ್ರವಾರ ಕೊನೆಗೊಂಡು, ಮುಚ್ಚಿದ ಶುಕ್ರವಾರ ಬಂದಿತು. ನಮಾಜಿಗೆ ಬರುವವರಿಗೆ ಮಾತ್ರ ಮಧ್ಯಾಹ್ನದ ಬಿಡುವು ಉಳಿಯಿತು. ಸ್ಮಾರಕವೊಂದನ್ನು ರಕ್ಷಿತವೆಂದು ಘೋಷಿಸುವಾಗ ಅಲ್ಲಿ ಪೂಜೆ, ಪ್ರಾರ್ಥನೆ ನಡೆಯುತ್ತಿದ್ದರೆ ಅದು ಮುಂದುವರಿಯಬಹುದು, ನಿಂತುಹೋಗಿದ್ದರೆ ಹೊಸದಾಗಿ ಶುರುಮಾಡುವಂತಿಲ್ಲ ಎಂಬುದು ಇಲಾಖೆಯ ಹಳೆಯ ನೀತಿ. ಹಂಪಿಯ ವಿರೂಪಾಕ್ಷನಿಗೆ ದಿನವೂ ಪೂಜೆ, ಅಲ್ಲಿ ಇಲಾಖೆಯ ಟಿಕೆಟ್ ಇಲ್ಲ. ವಿಜಯ ವಿಠ್ಠಲನಿಗೆ ಪೂಜೆಯಿಲ್ಲ, ಟಿಕೆಟ್ ಇದೆ. ತಾಜ್‌ನಲ್ಲಿ ಎರಡೂ ಒಂದೇ ಆವರಣದಲ್ಲಿ ಬಂದದ್ದರಿಂದ ಒಂದು ದಿನವನ್ನೇ ಬೇರ್ಪಡಿಸಬೇಕಾಯಿತು.

ಟಿಕೆಟ್ಟಿನದು ಹೀಗಾಯಿತು. ತಾಜ್‌ಗಂಜ್‌ನ ದಿನನಿತ್ಯದ ಬದುಕನ್ನು ಬದಲಿಸಿದ್ದು ಮಾತ್ರ ಟಿಕೆಟ್ ಅಲ್ಲ, ಕೋರ್ಟು.

ವಕೀಲ ಎಂ.ಸಿ. ಮೆಹ್ತಾ 1984ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದು ಅಮೃತಶಿಲೆ ಹಳದಿಯಾಗುತ್ತಿದೆ ಎಂಬ ಕಾರಣಕ್ಕೆ. 1996ರ ಡಿಸೆಂಬರ್ 30ರಂದು ಬಂದ ತೀರ್ಪು ಪರಿಸರ ಕಾನೂನಿನ ಪಾಠಪುಸ್ತಕಗಳಲ್ಲಿ ಇದ್ದೇ ಇರುತ್ತದೆ: 10,400 ಚದರ ಕಿಲೋಮೀಟರಿನ ತಾಜ್ ಟ್ರೆಪೀಜಿಯಂ ವಲಯ, ಅದರೊಳಗಿನ 292 ಕೈಗಾರಿಕೆಗಳು ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬರಬೇಕು ಇಲ್ಲವೇ ಜಾಗ ಖಾಲಿ ಮಾಡಬೇಕು. ಫೌಂಡ್ರಿಗಳ ಹೊಗೆ ತಗ್ಗಿದ್ದು ಒಳ್ಳೆಯದೇ ಆಯಿತು. ಅದೇ ಪ್ರಕರಣದ ಬೆನ್ನಿಗೆ ಬಂದ ಆದೇಶಗಳಿಂದ ತಾಜ್ ಸುತ್ತಲಿನ 500 ಮೀಟರಿನಲ್ಲಿ ಪೆಟ್ರೋಲ್, ಡೀಸೆಲ್ ವಾಹನಗಳಿಗೆ ನಿಷೇಧ ಬಂದಿತು. ಪ್ರವಾಸಿಗಳಿಗೆ ಬ್ಯಾಟರಿ ಬಸ್ಸು, ಕುದುರೆ ಗಾಡಿ, ಕಾಲ್ನಡಿಗೆ. ಒಳಗಿರುವ ನಿವಾಸಿಗಳಿಗೆ ಪಾಸು.

ಪಾಸು ಅಂದರೆ ಏನೆಂದು ಆ ಊರಿನವರನ್ನು ಕೇಳಬೇಕು. ಮನೆಯವರ ಸ್ಕೂಟರಿಗೆ ಪಾಸು ಸಿಗುತ್ತದೆ, ನೋಡಲು ಬಂದ ಬೀಗರ ಕಾರಿಗೆ ಸಿಗುವುದಿಲ್ಲ. ಮದುವೆಯ ದಿಬ್ಬಣಕ್ಕೆ ಮುಂಚಿತವಾಗಿ ಅನುಮತಿ. ಹಾಸಿಗೆ ಹಿಡಿದವರಿಗಾಗಿ ವಾಹನ ತರಿಸಿದರೆ ತಡೆಗಂಬದ ಬಳಿ ವಿವರಣೆ. ತಾಜ್‌ನ ಪೂರ್ವಕ್ಕೆ ಯಮುನೆಯ ಗುಂಟ ನಗ್ಲಾ ಪೈಮಾ, ಗಢೀ ಬಂಗಸ್, ಅಹ್ಮದ್ ಬುಖಾರಿಯಂಥ ಹಳ್ಳಿಗಳಿವೆ. ಅಲ್ಲಿಗೆ ಹೋಗುವ ದಾರಿ ತಾಜ್‌ನ ಭದ್ರತಾ ವಲಯವನ್ನು ಹಾದೇ ಹೋಗುತ್ತದೆ. ನೆಂಟರು ಬರಲಾರದ ಊರಿಗೆ ಹೆಣ್ಣು ಕೊಡುವವರಿಲ್ಲ, ಹುಡುಗರು ಮದುವೆಯಾಗದೆ ಉಳಿದಿದ್ದಾರೆ ಎಂದು ಆ ಹಳ್ಳಿಗಳ ಅಳಲು ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಲೋಕದ ಜೋಡಿಗಳೆಲ್ಲ ಬಂದು ಫೋಟೊ ತೆಗೆಸಿಕೊಳ್ಳುವ ಪ್ರೇಮಸ್ಮಾರಕದ ಪಕ್ಕದಲ್ಲಿ ಇದು.

ಸತ್ತಮೇಲೂ ಬಿಡುಗಡೆಯಿಲ್ಲ. ತಾಜ್‌ಗಂಜ್‌ನ ಹಳೆಯ ಸ್ಮಶಾನ ಸ್ಮಾರಕದ ಸನಿಹದಲ್ಲೇ ಇದೆ. 2015ರಲ್ಲಿ ತಾಜ್ ನೋಡಲು ಬಂದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಚಿತೆಗಳ ಹೊಗೆ ಕಂಡು ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಕೋರ್ಟು ಅದನ್ನು ಕೈಗೆತ್ತಿಕೊಂಡು, ಸ್ಮಶಾನವನ್ನು ಬೇರೆಡೆಗೆ ಒಯ್ಯಬೇಕು ಇಲ್ಲವೇ ವಿದ್ಯುತ್ ಚಿತಾಗಾರ ಮಾಡಬೇಕು ಎಂದಿತು. ಊರವರು ಒಪ್ಪಲಿಲ್ಲ. ಅಮೃತಶಿಲೆಗೆ ಹೊಗೆ ಒಳ್ಳೆಯದಲ್ಲ ಎಂಬುದು ಸರಿ, ಆದರೆ ಅಜ್ಜ ಮುತ್ತಜ್ಜಂದಿರನ್ನು ಸುಟ್ಟ ನೆಲವನ್ನು ಬಿಟ್ಟುಕೊಡಿ ಎಂದರೆ ಯಾವ ಊರು ತಾನೇ ಒಪ್ಪುತ್ತದೆ?

2022ರ ಸೆಪ್ಟೆಂಬರ್‌ನಲ್ಲಿ ಬಿದ್ದದ್ದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಪಶ್ಚಿಮ ದ್ವಾರದಿಂದ ಹಿಂದೆಯೇ ಎಬ್ಬಿಸಿ 500 ಮೀಟರಿನಾಚೆ ಕಳಿಸಲಾಗಿದ್ದ ಅಂಗಡಿಕಾರರು, ಒಳಗಿರುವವರು ಮಾತ್ರ ಹೇಗೆ ವ್ಯಾಪಾರ ಮಾಡುತ್ತಾರೆ ಎಂದು ಕೋರ್ಟಿಗೆ ಹೋದರು. ತಾಜ್‌ನ ಆವರಣ ಗೋಡೆಯಿಂದ 500 ಮೀಟರಿನೊಳಗಿನ ಎಲ್ಲ ವಾಣಿಜ್ಯ ಚಟುವಟಿಕೆ ನಿಲ್ಲಿಸಬೇಕೆಂದು ಆದೇಶವಾಯಿತು. ಪ್ರಾಧಿಕಾರ ನೋಟಿಸು ಹಂಚಿತು. 500 ಮೀಟರ್ ಅಂದರೆ ಬಹುಪಾಲು ಇಡೀ ತಾಜ್‌ಗಂಜ್: ನಾಲ್ಕು ಕಟ್ರಾ, ಚೌಕ, ಅಮೃತಶಿಲೆಯ ತಟ್ಟೆಗೆ ಬಣ್ಣದ ಕಲ್ಲು ಕೂಡಿಸುವ ಪಚ್ಚೀಕಾರಿಯವರ ಕೋಣೆಗಳು, ಛಾವಣಿಯ ಮೇಲೆ ಚಹಾ ಕೊಟ್ಟು ಗುಮ್ಮಟ ತೋರಿಸುವ ಅಗ್ಗದ ಹೋಟೆಲುಗಳು, ಕಿರಾಣಿ, ಔಷಧಿ ಅಂಗಡಿ. ಬಾದಶಹ ಬಾಡಿಗೆಗೆಂದೇ ಕಟ್ಟಿಸಿದ ಪೇಟೆಯಲ್ಲಿ ಅಂಗಡಿ ಇರಕೂಡದು! ಜನ ಬೀದಿಗಿಳಿದರು. ಕೆಲವೇ ವಾರಗಳಲ್ಲಿ ಅದೇ ಕೋರ್ಟು ತಾತ್ಕಾಲಿಕವಾಗಿ ಕೈತಡೆದದ್ದರಿಂದ ಕದಗಳು ಮುಚ್ಚಲಿಲ್ಲ.

ಇನ್ನು 2018. ತಾಜ್‌ನ ಪ್ರವೇಶ ನಿಯಮಗಳು ಒಂದರ ಬೆನ್ನಿಗೊಂದು ಬಿಗಿಯಾದ ವರ್ಷ ಅದು. ಹಿಂದಿನ ಡಿಸೆಂಬರಿನ ರಜೆಯ ಜನಸಾಗರದಲ್ಲಿ ದ್ವಾರದ ಬಳಿ ನೂಕುನುಗ್ಗಲಾಗಿ ಕೆಲವರಿಗೆ ಪೆಟ್ಟಾಗಿತ್ತು. ಜನವರಿ 24ರಂದು ಆಗ್ರಾ ಜಿಲ್ಲಾಡಳಿತ ಶುಕ್ರವಾರದ ನಮಾಜಿಗೆ ಸ್ಥಳೀಯರು ಮಾತ್ರ ಬರಬೇಕು, ಗುರುತಿನ ಚೀಟಿ ತೋರಿಸಬೇಕು ಎಂದು ಆದೇಶ ಹೊರಡಿಸಿತು. ಕೊಟ್ಟ ಕಾರಣ ಭದ್ರತೆ; ಪ್ರಾರ್ಥನೆಯ ನೆಪದಲ್ಲಿ ಹೊರಗಿನವರು, ವಿದೇಶಿಯರೂ ಒಳಬರುತ್ತಿದ್ದಾರೆ ಎಂಬುದು. ಏಪ್ರಿಲ್ 1ರಿಂದ ಪ್ರತಿ ಟಿಕೆಟ್ಟಿಗೆ ಮೂರು ಗಂಟೆಯ ಮಿತಿ ಬಂದಿತು. ತಾಜ್‌ಗಂಜ್‌ನತ್ತ ನೇರ ತೆರೆಯುವ ದಕ್ಷಿಣ ದ್ವಾರದಲ್ಲಿ ಪ್ರವೇಶ ನಿಂತು, ಹೊರಬರಲು ಮಾತ್ರ ಎಂದಾಯಿತು. ಆ ಬೀದಿಯ ವ್ಯಾಪಾರಿಗಳು ಈಗಲೂ ಹಲ್ಲು ಕಡಿಯುವುದು ಇದಕ್ಕೆ. ಜೂನ್‌ನಲ್ಲಿ ಪಶ್ಚಿಮದ ಬದಿಯಲ್ಲಿ ಇಲಾಖೆ ಹೊಸದಾಗಿ ನಿಲ್ಲಿಸಿದ್ದ ತಿರುಗುಬಾಗಿಲನ್ನು ಹಿಂದೂ ಸಂಘಟನೆಯೊಂದರ ಕಾರ್ಯಕರ್ತರು ಸುತ್ತಿಗೆಯಿಂದ ಕೆಡವಿದರು. ಹಳೆಯ ಸಿದ್ಧೇಶ್ವರ ಮಹಾದೇವ ಗುಡಿಯ ದಾರಿಗೆ ಅದು ಅಡ್ಡವಾಗಿದೆ ಎಂಬುದು ಅವರ ದೂರು. ಕೆಡವಿದ್ದು ತಪ್ಪು, ಮೊಕದ್ದಮೆಯೂ ಆಯಿತು. ಆದರೆ ಆ ವರ್ಷ ಮಸೀದಿಗೆ ಹೋಗುವವರದೂ ಗುಡಿಗೆ ಹೋಗುವವರದೂ ತಕರಾರು ಒಂದೇ ಗೋಡೆಯ ಜೊತೆಗಿತ್ತು ಎಂಬುದನ್ನು ಮರೆಯಬಾರದು.

ಮಸೀದಿಯ ವ್ಯವಸ್ಥಾಪನ ಸಮಿತಿಯವರು ಜನವರಿಯ ಆದೇಶವನ್ನು ಪ್ರಶ್ನಿಸಿದರು. ವರ್ಷವಿಡೀ ಬರುವ ಪ್ರವಾಸಿಗಳಲ್ಲಿ ಶುಕ್ರವಾರ ಆಗ್ರಾದಲ್ಲಿರುವ ಮುಸ್ಲಿಮರು ಅಲ್ಲಿ ನಮಾಜು ಮಾಡಬಾರದೇಕೆ ಎಂಬುದು ಅವರ ವಾದ. ಜುಲೈ 9ರಂದು ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅರ್ಜಿ ತಳ್ಳಿಹಾಕಿದರು. ತಾಜ್ ಜಗತ್ತಿನ ಅದ್ಭುತಗಳಲ್ಲೊಂದು, ಪ್ರಾರ್ಥನೆಗೆ ಬೇರೆ ಮಸೀದಿಗಳಿವೆ ಎಂಬುದು ಪೀಠದ ನಿಲುವು. ಜಿಲ್ಲಾಡಳಿತದ ಒಂದು ಹಾಳೆಯ ಆದೇಶಕ್ಕೆ ಹೀಗೆ ದೇಶದ ಅತ್ಯುನ್ನತ ನ್ಯಾಯಾಲಯದ ಮುದ್ರೆ ಬಿದ್ದಿತು. ಆಗಸ್ಟ್‌ನಲ್ಲಿ ಟಿಕೆಟ್ 40ರಿಂದ 50ಕ್ಕೆ, ವಿದೇಶಿಯರಿಗೆ 1100ಕ್ಕೆ ಏರಿತು. ನವೆಂಬರ್‌ನಲ್ಲಿ ಶುಕ್ರವಾರ ಬಿಟ್ಟು ಬೇರೆ ದಿನ ನಮಾಜು ಬೇಡವೆಂದು ಇಲಾಖೆ ನಮಾಜಿಗೆ ಮುನ್ನ ಕೈಕಾಲು ತೊಳೆಯುವ ವುಜೂ ಕೊಳದ ನೀರಿಗೆ ಬೀಗ ಹಾಕಿತು. ಡಿಸೆಂಬರ್ 10ರಿಂದ ಮುಖ್ಯ ಗೋರಿಯ ಜಗತಿ ಹತ್ತಬೇಕಾದರೆ ಮತ್ತೆ 200 ರೂಪಾಯಿ. ಜನದಟ್ಟಣೆಯಿಂದ ಅಮೃತಶಿಲೆ ಸವೆಯುತ್ತದೆ, ಅದಕ್ಕೆ ಹೀಗೆ ಎಂದರು. ಸವೆಯುತ್ತದೆ ನಿಜ. ಆದರೆ 200 ರೂಪಾಯಿ ಕೊಡಬಲ್ಲವನ ಪಾದ ಹಗುರವೇನಲ್ಲ. ಅದು ತಡೆಯುವುದು ಕೂಲಿಯವನನ್ನು, ಅವನ ಮನೆಮಂದಿಯನ್ನು. ದಟ್ಟಣೆ ತಗ್ಗಿಸಬೇಕಿದ್ದರೆ ಗಂಟೆಗೆ ಇಷ್ಟೇ ಜನ ಎಂದು ಎಣಿಸಿ ಬಿಡುವ ದಾರಿಯಿತ್ತು. ಹುಣ್ಣಿಮೆಯ ರಾತ್ರಿಗಳಲ್ಲಿ ಅದನ್ನೇ ಮಾಡುತ್ತಾರೆ: 1984ರಲ್ಲಿ ಭದ್ರತೆಯ ಕಾರಣಕ್ಕೆ ನಿಂತಿದ್ದ ರಾತ್ರಿ ವೀಕ್ಷಣೆಗೆ 2004ರಲ್ಲಿ ಸುಪ್ರೀಂ ಕೋರ್ಟು ಅನುಮತಿ ಕೊಟ್ಟಾಗ, 50 ಜನರ ಎಂಟು ತಂಡ, ತಂಡಕ್ಕೆ ಅರ್ಧ ಗಂಟೆ ಎಂದು ಗೊತ್ತುಮಾಡಿತು. ಆ ವ್ಯವಸ್ಥೆ ಚೆನ್ನಾಗಿಯೇ ನಡೆದಿದೆ.

ಎಲ್ಲ ಬೀಗಗಳ ನಡುವೆ ವರ್ಷದಲ್ಲಿ ಮೂರು ದಿನ ಮಾತ್ರ ಹಳೆಯ ತಾಜ್ ಇಣುಕುತ್ತದೆ. ರಜಬ್ ತಿಂಗಳ 25, 26 ಮತ್ತು 27ರಂದು ಶಹಜಹಾನನ ಉರುಸ್. ಮೊದಲ ಎರಡು ದಿನ ಮಧ್ಯಾಹ್ನದ ಬಳಿಕ, ಮೂರನೆಯ ದಿನ ಪೂರ್ತಿ, ಯಾರಿಗೂ ಟಿಕೆಟ್ ಇಲ್ಲ. ಉಳಿದ ದಿನಗಳಲ್ಲಿ ಪ್ರವಾಸಿಗಳು ನೋಡುವುದು ಮೇಲಂತಸ್ತಿನ ತೋರಿಕೆಯ ಸಮಾಧಿಗಳನ್ನು. ಉರುಸಿನಲ್ಲಿ ನೆಲಮಾಳಿಗೆಯ ನಿಜವಾದ ಗೋರಿಗಳ ಬಾಗಿಲು ತೆರೆಯುತ್ತದೆ. ಒಂದು ಕಿಲೋಮೀಟರಿಗೂ ಉದ್ದದ ಬಣ್ಣಬಣ್ಣದ ಚಾದರವನ್ನು ಊರವರು ದಕ್ಷಿಣ ದ್ವಾರದ ಹನುಮಾನ್ ಮಂದಿರದ ಬಳಿಯಿಂದ ಹೊತ್ತು ತರುತ್ತಾರೆ. ಹೊತ್ತವರಲ್ಲಿ ಎಲ್ಲ ಜಾತಿ ಮತದವರೂ ಇರುತ್ತಾರೆ. ಆ ದಿನವೂ ಯಾರೂ ವಿಳಾಸ ಕೇಳುವುದಿಲ್ಲ.

ಬೇರೆ ದೇಶಗಳು ಊರವರ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿವೆ. ಬಾರ್ಸಿಲೋನಾದ ಪಾರ್ಕ್ ಗುವೆಲ್ ಮೊದಲು ಶ್ರೀಮಂತರ ಬಡಾವಣೆಯಾಗಬೇಕಿತ್ತು. ವಾಸ್ತುಶಿಲ್ಪಿ ಗೌಡಿ ರೂಪಿಸಿದ ಯೋಜನೆ ಸೋತು, 1926ರಲ್ಲಿ ಊರಿನ ಉದ್ಯಾನವಾಯಿತು. 2013ರ ಅಕ್ಟೋಬರ್‌ನಲ್ಲಿ ಅಲ್ಲಿಗೆ ಟಿಕೆಟ್ ಬಂದಾಗ ಅಕ್ಕಪಕ್ಕದ ಬಡಾವಣೆಯವರಿಗೂ ಹೆಸರು ನೋಂದಾಯಿಸಿದ ನಗರವಾಸಿಗಳಿಗೂ ಉಚಿತವೆಂದು ಅದೇ ನಿಯಮಾವಳಿಯಲ್ಲಿ ಬರೆದರು. ಅಲ್ಲಿಗೆ ಹೋಗುವ 116ನೇ ನಂಬರಿನ ಪುಟ್ಟ ಬಸ್ಸಿನಲ್ಲಿ ಪ್ರವಾಸಿಗಳೇ ತುಂಬಿ ಮುದುಕರಿಗೆ ಸೀಟಿಲ್ಲದಂತಾದಾಗ, 2024ರಲ್ಲಿ ಆ ಮಾರ್ಗವನ್ನೇ ಗೂಗಲ್ ನಕ್ಷೆಯಿಂದ ತೆಗೆಸಿದರು. ಎಂಥ ಸರಳ ಉಪಾಯ! ಪೆರುವಿನ ಕುಸ್ಕೊ ಪ್ರಾಂತ್ಯದವರಿಗೆ ಮಾಚು ಪಿಚು ಭಾನುವಾರ ಉಚಿತ. ವೆನಿಸ್ 2024ರಲ್ಲಿ ದಿನದ ಪ್ರವಾಸಿಗಳಿಗೆ 5 ಯೂರೋ ಶುಲ್ಕ ಹಾಕಿದಾಗ ನಿವಾಸಿಗಳನ್ನು ಹೊರಗಿಟ್ಟೇ ಹಾಕಿತು. ಈ ನಿಯಮಗಳು ಎಲ್ಲರಿಗೂ ಹಿಡಿಸಿಲ್ಲ, ಜಗಳಗಳೂ ನಿಂತಿಲ್ಲ. ಆದರೆ ‘ಇಲ್ಲಿ ಬದುಕುವವನು’ ಎಂಬ ಒಬ್ಬ ವ್ಯಕ್ತಿ ಅವುಗಳಲ್ಲಿ ಇದ್ದಾನೆ.

ನಮ್ಮ ನಿಯಮಗಳಲ್ಲಿ ಅವನು ಬರುವುದು ತಡೆಯಬೇಕಾದಾಗ ಮಾತ್ರ. ಸ್ಮಾರಕದಿಂದ 100 ಮೀಟರ್ ಕಟ್ಟಡ ನಿಷೇಧ, ಮುಂದಿನ 200 ಮೀಟರ್ ನಿಯಂತ್ರಣ ಎಂಬ 2010ರ ತಿದ್ದುಪಡಿಯ ಬಿಸಿ ವಿಜಯಪುರದ ಹಳೆಯ ಓಣಿಗಳಲ್ಲಿ ಮನೆ ದುರಸ್ತಿಗೆ ಹೊರಟವರಿಗೆಲ್ಲ ಗೊತ್ತು. 2011ರ ಜುಲೈ 29ರಂದು ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ತಲೆಮಾರುಗಳಿಂದ ಇದ್ದ ಮನೆ, ಅಂಗಡಿಗಳನ್ನು ಬುಲ್ಡೋಜರ್ ಕೆಡವಿತು. ಪೇಟೆಬೀದಿಯಿಂದ ಪೇಟೆಯನ್ನು ತೆಗೆದು ‘ಬಜಾರ್’ ಎಂಬ ಫಲಕವನ್ನು ಮಾತ್ರ ಉಳಿಸಿಕೊಂಡೆವು. ಕಮಲಾಪುರದವರು, ಆನೆಗೊಂದಿಯವರು ಮನೆಗೆ ಬಂದ ನೆಂಟರಿಗೆ ವಿಠ್ಠಲನ ಕಲ್ಲಿನ ರಥ ತೋರಿಸಬೇಕೆಂದರೆ ದೆಹಲಿಯವರಂತೆ ತಲೆಗೆ 40 ರೂಪಾಯಿ ತೆರಬೇಕು.

ತಾಜ್‌ಗಂಜ್‌ನವರ ಶುಕ್ರವಾರದ ಸವಲತ್ತು ಹಕ್ಕಿನ ವೇಷದಲ್ಲಿ ಬಂದಿದೆ, ಆದರೆ ಹುಟ್ಟಿದ್ದು ಸಂಶಯದಿಂದ. ಹೊರಗಿನವರನ್ನು ತಡೆಯಲು ಬರೆದ ಆದೇಶದಲ್ಲಿ ಉಳಿದುಕೊಂಡವರಿಗೆ ‘ಸ್ಥಳೀಯರು’ ಎಂಬ ಹೆಸರು ಬಿದ್ದಿದೆ. ಅದರಲ್ಲೂ ನಮಾಜು ಮಾಡುವ ಊರವನಿಗೆ ಮಾತ್ರ ಜಾಗ; ಪಚ್ಚೀಕಾರಿಯ ಹಿಂದೂ ಕುಶಲಕರ್ಮಿಗೆ, ಶಾಲೆ ಮುಗಿಸಿದ ಹುಡುಗಿಗೆ, ಗುಮ್ಮಟವನ್ನು ಛಾವಣಿಯಿಂದಲೇ ನೋಡುತ್ತ ಮುದುಕಿಯಾದವಳಿಗೆ ಅದರಲ್ಲಿ ಏನೂ ಇಲ್ಲ.

ಸರಿಪಡಿಸುವುದು ಕಷ್ಟವಲ್ಲ. 1959ರ ನಿಯಮಗಳ ಅನುಸೂಚಿಗೆ ಒಂದು ಸಾಲು ಸೇರಿಸಿದರೆ ಆಯಿತು: ವಿಶ್ವ ಪರಂಪರೆಯ ತಾಣದ ಗಡಿಯೊಳಗೆ ಮತ್ತು ಅಂಚಿನಲ್ಲಿ ವಾಸಿಸುವವರಿಗೆ, ಧರ್ಮ ಯಾವುದೇ ಇರಲಿ, ವಾರದಲ್ಲೊಂದು ಬೆಳಗು ಟಿಕೆಟ್ ಬೇಡ. ಗೆಜೆಟ್‌ನಲ್ಲಿ ಪ್ರಕಟಿಸುವಷ್ಟೇ ಕೆಲಸ. ಪಥಕರದಿಂದ ಬರುವ ಹಣದಲ್ಲಿ ತಾಜ್‌ಗಂಜ್‌ನ ಚರಂಡಿಗೂ ಬೀದಿದೀಪಕ್ಕೂ ಎಷ್ಟು ಹೋಯಿತೆಂದು ಪ್ರಾಧಿಕಾರ ವರ್ಷಕ್ಕೊಮ್ಮೆ ಆ ಚೌಕದಲ್ಲೇ ಬರೆದು ಹಾಕಲಿ. ಹಂಪಿಯಲ್ಲಿ ಇದನ್ನು ಮೊದಲು ಜಾರಿಗೆ ತರುವಂತೆ ಕೇಂದ್ರವನ್ನು ಕೇಳಲು ನಮ್ಮ ಸಂಸದರಿಗೆ ಅಡ್ಡಿಯೇನಿಲ್ಲ. ಅಲ್ಲಿನ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ 29 ಹಳ್ಳಿಗಳಿವೆ. ಅಲ್ಲಿನವರ ಹೆಸರುಗಳೆಲ್ಲ ಮತದಾರರ ಪಟ್ಟಿಯಲ್ಲಿ ಈಗಾಗಲೇ ಇವೆ.